ಮೂರನೇ ಖಾನೆಯ ಹಲಗೆ

ಕಣ್ಣಿನ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಮಾವ ಮೂರು ದಿನ ಯಾರಿಗೂ ತೋರಿಸಲಿಲ್ಲ. ನಾಲ್ಕನೆಯ ದಿನ ಅತ್ತೆ ಅವರ ಅಂಗಿಯನ್ನು ನೀರಿಗೆ ಹಾಕುವ ಮುಂಚೆ ಜೇಬು ತಡಕಿ, ಚೀಟಿ ತೆಗೆದು, ಓದಿ ಹೇಳೆಂದು ಸೊಸೆಯ ಕೈಗಿತ್ತರು. ಸೊಸೆ ಎರಡು ಸಲ ಓದಿಕೊಂಡಳು. ಎಡಗಣ್ಣು ಮುಕ್ಕಾಲು ಹೋಗಿದೆ, ಹೋದದ್ದು ಮರಳಿ ಬರುವುದಿಲ್ಲ, ಭಾರಿ ವಾಹನದ ಲೈಸೆನ್ಸು ಇನ್ನು ಸಿಗುವುದಿಲ್ಲ ಎಂಬುದು ಅದರಲ್ಲಿದ್ದ ವಿಷಯ.

ಅತ್ತೆಗೆ ಆಶ್ಚರ್ಯವೇನೂ ಆಗಲಿಲ್ಲ. ಒಂದು ವರ್ಷದಿಂದ ಮಾವ ಲೋಟಕ್ಕೆ ನೀರು ಬಗ್ಗಿಸುವಾಗ ಮೇಜಿನ ಮೇಲೆ ಚೆಲ್ಲುತ್ತಿದ್ದರು. ಒಂದು ವರ್ಷದಿಂದ ಅತ್ತೆಯೂ ಮೊಣಕಾಲು ನೋವೆಂದು ಗೊಣಗುತ್ತಲೇ ಪ್ರತಿ ಟ್ರಿಪ್ಪಿಗೂ ಹೋಗಿ ಅವರ ಎಡಗಡೆ ಕೂರುತ್ತಿದ್ದರು. ಗಾಳಿ ಕುಡಿಯುವುದಕ್ಕೆ ಹೋಗುತ್ತಿದ್ದೆ ಅಂದುಕೊಂಡೆಯಾ ಎಂದು ಸೊಸೆಯನ್ನು ಕೇಳಿ, ಅಂಗಿಯನ್ನು ಬಕೆಟ್ಟಿಗೆ ಅದ್ದಿದರು.

ಆ ಮನೆಯಲ್ಲಿ ಇದ್ದವರು ನಾಲ್ಕು ಜನ: ಮಾವ, ಅತ್ತೆ, ಅವರ ಒಬ್ಬನೇ ಮಗ, ಸೊಸೆ. ಮನೆಗಿಂತ ಎರಡು ಅಡಿ ಉದ್ದವಿದ್ದ ಕುದುರೆ ಟ್ರೈಲರ್ ಅಂಗಳದಲ್ಲಿ ನಿಂತಿರುತ್ತಿತ್ತು. ಆರು ಖಾನೆ, ಒಂದೊಂದರಲ್ಲಿ ಒಂದೊಂದು ಕುದುರೆ. ಎಳೆಯಲು ಮುಂದೊಂದು ಟ್ರಕ್ಕು. ಮೂವತ್ತೊಂದು ವರ್ಷದಿಂದ ಮಾವ ಊರೂರ ಕುದುರೆಗಳನ್ನು ಲಾಯದಿಂದ ಲಾಯಕ್ಕೆ, ಲಾಯದಿಂದ ಆಸ್ಪತ್ರೆಗೆ ಸಾಗಿಸಿ ಸಂಸಾರ ನಡೆಸಿದ್ದರು. ಮಗ ಲಾಳ ಹೊಡೆಯುವವನು. ಅಂಗಳದ ಇನ್ನೊಂದು ತುದಿಯ ತಗಡಿನ ಶೆಡ್ಡಿನಲ್ಲಿ ಅವನ ಕುಲುಮೆ. ಸೊಸೆ ಮದುವೆಗೆ ಮುಂಚೆ ನಾಲ್ಕು ವರ್ಷ ಬೇಕರಿಯ ವ್ಯಾನು ಓಡಿಸಿದ್ದವಳು, ಅದಕ್ಕೇ ಮಾವ ಅವಳನ್ನು ಕರೆಯುತ್ತಿದ್ದದ್ದು 'ಬನ್ನು' ಎಂದು. ಆ ಹೆಸರಿನಲ್ಲಿ ಎಷ್ಟು ಪ್ರೀತಿ, ಎಷ್ಟು ತಾತ್ಸಾರ ಎಂಬುದು ಆರು ವರ್ಷವಾದರೂ ಅವಳಿಗೆ ಬಗೆಹರಿದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಚೀಟಿಯನ್ನು ಮಾವನ ತಟ್ಟೆಯ ಪಕ್ಕ ಇಟ್ಟರು. ಮಾವ ಅದನ್ನು ನೋಡಿಯೂ ನೋಡದವರಂತೆ ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತ ಹೋದರು. ಬೇರೆ ಡಾಕ್ಟರಿಗೆ ತೋರಿಸಬೇಕೆಂದರು. ಅತ್ತೆ, ಹತ್ತು ಡಾಕ್ಟರು ನೋಡಿದರೂ ಕಣ್ಣು ಒಂದೇ ಎಂದರು. ಹಾಗಾದರೆ ಟ್ರೈಲರ್ ಮಾರಿಬಿಡುವುದಾ ಎಂಬ ಮಾತು ಬಂತು, ಕೂಲಿಗೆ ಡ್ರೈವರನ್ನಿಡುವುದಾ ಎಂಬ ಮಾತೂ ಬಂತು. ಕೂಲಿ ಡ್ರೈವರ್ ಕುದುರೆಯನ್ನು ಇಟ್ಟಿಗೆಯ ಹಾಗೆ ಸಾಗಿಸುತ್ತಾನೆ ಎಂದು ಮಾವ ಅದನ್ನು ಅಲ್ಲಿಗೇ ಮುಗಿಸಿದರು. ಇನ್ನು ಎರಡೂವರೆ ತಿಂಗಳಿಗೆ ಸವಾರಿ ಶಾಲೆಯ ಹನ್ನೆರಡು ಕುದುರೆಗಳನ್ನು ಹೊಸ ಜಾಗಕ್ಕೆ ಸಾಗಿಸಲು ಮಾವ ಒಪ್ಪಿಕೊಂಡಿದ್ದರು. ಅದು ಇಡೀ ವರ್ಷದ ದೊಡ್ಡ ಕೆಲಸ.

ಮಗ ಓಡಿಸಲಿ ಎಂದು ಮಾತ್ರ ಯಾರೂ ಅನ್ನಲಿಲ್ಲ. ಅವನು ತಲೆ ತಗ್ಗಿಸಿ ಆಲೂಗಡ್ಡೆ ಕಿವುಚುತ್ತಿದ್ದ.

ಕಾರಣ ಸೊಸೆಗೂ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ, ಅವಳು ಈ ಮನೆಗೆ ಬರುವುದಕ್ಕೂ ಮುಂಚೆ, ಅವನು ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟ್ರೈಲರ್ ಓಡಿಸುತ್ತಿದ್ದಾಗ ನಾಯಿಯೊಂದು ಅಡ್ಡ ಬಂದಿತ್ತು. ಗಕ್ಕನೆ ಬ್ರೇಕ್ ಹಾಕಿದ್ದ. ಒಳಗೆ ಮೂರನೇ ಖಾನೆಯಲ್ಲಿದ್ದ ಕೆಂಗಂದು ಬಣ್ಣದ ಹೆಣ್ಣುಕುದುರೆ ಬಿದ್ದು ಮುಂಗಾಲು ಮುರಿದುಕೊಂಡಿತು. ಡಾಕ್ಟರು ಬಂದು ರಸ್ತೆ ಬದಿಯಲ್ಲೇ ಅದಕ್ಕೆ ಕೊನೆಯ ಸೂಜಿ ಚುಚ್ಚಬೇಕಾಯಿತು. ಅದು ಸವಾರಿ ಶಾಲೆಯ ಯಜಮಾನಿಯ ಕುದುರೆ. ನಿನ್ನ ಮಗ ಇನ್ನು ಮುಂದೆ ಸ್ಟೀರಿಂಗ್ ಮುಟ್ಟುವುದಿಲ್ಲ ಎಂದಾದರೆ ಮಾತ್ರ ನಿನ್ನ ಕೈಗೆ ನನ್ನ ಕುದುರೆ ಎಂದು ಆಕೆ ಮಾವನಿಗೆ ಹೇಳಿದ್ದಳಂತೆ. ಮಗ ಅಂದಿನಿಂದ ಮುಟ್ಟಿರಲಿಲ್ಲ. ಲೈಸೆನ್ಸನ್ನು ಮಾತ್ರ ಅವಧಿ ಮುಗಿದಾಗಲೆಲ್ಲ ಹೋಗಿ ನವೀಕರಿಸಿಕೊಂಡು ಬರುತ್ತಿದ್ದ. ಯಾಕೆಂದು ಕೇಳಿದರೆ, ಇರಲಿ ಎನ್ನುತ್ತಿದ್ದ.

"ನಾನು ಕಲೀತೀನಿ" ಎಂದಳು ಸೊಸೆ.

ಮಾವ ಮೊದಲ ಬಾರಿಗೆ ತಟ್ಟೆಯಿಂದ ಕಣ್ಣೆತ್ತಿದರು. "ಬನ್ನಿನ ವ್ಯಾನಲ್ಲ ಅದು. ಬಿದ್ರೆ ಧೂಳು ಒರೆಸಿ ಮಾರೋಕಾಗಲ್ಲ."

"ಗೊತ್ತು. ಕಲಿಸ್ತೀರೋ ಇಲ್ವೋ ಹೇಳಿ."

ಗಂಡ ಅರ್ಧ ಊಟ ಬಿಟ್ಟು ಎದ್ದು ಶೆಡ್ಡಿಗೆ ಹೋದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಸುತ್ತಿಗೆಯ ಸದ್ದು ಕೇಳಿಸತೊಡಗಿತು. ಅಂದು ಅವನಿಗೆ ಲಾಳದ ಕೆಲಸವೇ ಇರಲಿಲ್ಲವೆಂಬುದು ಅವಳಿಗೆ ಗೊತ್ತಿತ್ತು.

ಪಾಠ ಶುರುವಾದದ್ದು ಅಂಗಳಕ್ಕೆ ಅಂಟಿಕೊಂಡಂತಿದ್ದ, ಮುಚ್ಚಿಹೋಗಿದ್ದ ಇಟ್ಟಿಗೆ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ. ಅದು ಖಾಸಗಿ ಜಾಗ, ಲೈಸೆನ್ಸಿನ ಗೊಡವೆಯಿಲ್ಲ. ಮುಂದಕ್ಕೆ ಓಡಿಸುವುದು ಎರಡೇ ದಿನದಲ್ಲಿ ಕೈಗೆ ಬಂತು. ತಿರುವಿನಲ್ಲಿ ಟ್ರಕ್ಕು ಹೋದ ದಾರಿಯಲ್ಲಿ ಟ್ರೈಲರ್ ಬರುವುದಿಲ್ಲ, ಅದು ಒಳಗಿನ ಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ, ಅದಕ್ಕೇ ಮೊದಲು ಹೊರಕ್ಕೆ ಹೋಗಿ ಆಮೇಲೆ ತಿರುಗಿಸಬೇಕು. ಅಷ್ಟು ತಲೆಗೆ ಹೋಯಿತು. ಹಿಂದಕ್ಕೆ ತೆಗೆದುಕೊಳ್ಳುವುದು ಮಾತ್ರ ಅವಳನ್ನು ಅಳಿಸಿಬಿಟ್ಟಿತು. ಎಡಕ್ಕೆ ತಿರುಗಿಸಿದರೆ ಟ್ರೈಲರಿನ ಬಾಲ ಬಲಕ್ಕೆ ಓಡುತ್ತಿತ್ತು. ಸರಿಮಾಡಲು ಹೋದರೆ ಟ್ರಕ್ಕೂ ಟ್ರೈಲರೂ ಮಡಚಿದ ಚಾಕುವಿನಂತೆ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದು ನಿಲ್ಲುತ್ತಿದ್ದವು. ಗುರುತಿಗೆಂದು ನಿಲ್ಲಿಸಿದ್ದ ನಾಲ್ಕು ಡ್ರಮ್ಮುಗಳಲ್ಲಿ ಮೊದಲ ವಾರವೇ ಮೂರು ಅಪ್ಪಚ್ಚಿಯಾದವು.

ಮಾವ ಕೋಲೂರಿಕೊಂಡು ಬಲಗಣ್ಣಿನ ಕಡೆಗೆ ಮುಖ ವಾರೆ ಮಾಡಿ ನಿಂತು ಕೂಗುತ್ತಿದ್ದರು. ಸ್ಟೀರಿಂಗಿನ ಕೆಳತುದಿ ಹಿಡಿ. ಬಾಲ ಯಾವ ಕಡೆಗೆ ಹೋಗಬೇಕೋ ಆ ಕಡೆಗೆ ಕೈ ಸರಿಸು. ಬೆರಳಷ್ಟು ಸರಿಸು, ಮೊಳದಷ್ಟಲ್ಲ. ಸರಿಸಿದ ಮೇಲೆ ಕಾಯಿ. ಅದಕ್ಕೆ ನಿನ್ನ ಮಾತು ತಡವಾಗಿ ಕೇಳಿಸುತ್ತದೆ. ಇಷ್ಟನ್ನೇ ಅವರು ಸಮಾಧಾನದಲ್ಲಿ ಹೇಳಿದ್ದರೆ ಅವಳು ನಾಲ್ಕು ದಿನ ಮುಂಚೆ ಕಲಿಯುತ್ತಿದ್ದಳೇನೋ. ಅವರು ಹೇಳುತ್ತಿದ್ದದ್ದು ಇಡೀ ಬಯಲಿಗೆ ಕೇಳುವಂತೆ, ನಡುನಡುವೆ ಅವಳ ಬುದ್ಧಿ, ಅವಳ ಬೇಕರಿ ಎಲ್ಲವನ್ನೂ ಎಳೆದು ತಂದು. ಸಂಜೆ ಮನೆಗೆ ಬಂದು ಅವಳು ಪಾತ್ರೆ ತಿಕ್ಕುವಾಗಲೂ ಎಡಗೈ ಬೆರಳಷ್ಟೇ ಅತ್ತಿತ್ತ ಸರಿಯುತ್ತಿತ್ತು. ಅತ್ತೆ ಅದನ್ನು ನೋಡಿ ನಕ್ಕು, ಪಾತ್ರೆಯನ್ನು ತಾವು ಇಸಿದುಕೊಂಡರು.

"ಅಪ್ಪ ಬೈದ್ರೆ ಬರಲ್ಲ ಅಂದ್ಬಿಡು, ಬೇಡ ಇದು" ಎಂದ ಗಂಡ ಒಂದು ಸಂಜೆ.

"ನಿನಗೂ ಹೀಗೇ ಕಲಿಸಿದ್ರಾ?"

"ನನಗೆ ಬೈತಾನೇ ಇರ್ಲಿಲ್ಲ" ಎಂದ ಅವನು. "ನೀನು ನನಗಿಂತ ಚೆನ್ನಾಗಿ ಓಡಿಸ್ತೀಯ ಅಂತಿದ್ರು."

ಮೂರನೆಯ ವಾರ ಅವಳಿಗೆ ಕಾಯುವುದು ಬಂತು. ಕೈ ಬೆರಳಷ್ಟು ಸರಿಸಿ, ಉಸಿರು ಬಿಟ್ಟು, ಕನ್ನಡಿಯಲ್ಲಿ ಬಾಲ ತಿರುಗಲು ಶುರುವಾದ ಕ್ಷಣವೇ ಕೈ ವಾಪಸು ತರುವುದು. ಉಳಿದಿದ್ದ ಒಂದು ಡ್ರಮ್ಮನ್ನೂ ಮುಟ್ಟದೆ ಟ್ರೈಲರ್ ಕಾರ್ಖಾನೆಯ ಎರಡು ಗೋಡೆಗಳ ನಡುವೆ ಹೋಗಿ ನಿಂತಿತು. ಮಾವ ಕೋಲಿನಿಂದ ನೆಲ ಕೆರೆದು, ಇನ್ನೊಂದು ಸಲ ಎಂದರು. ಅದೇ ಅವರ ಶಹಬ್ಬಾಸು.

ಓಡಿಸುವುದರಷ್ಟೇ ಮುಖ್ಯವೆಂದು ಅವರು ಕಲಿಸಿದ ಇನ್ನೊಂದು ಕೆಲಸ ನೆಲ ನೋಡುವುದು. ಕುದುರೆ ನಿಲ್ಲುವ ನೆಲ ಮರದ ಹಲಗೆಯದು, ಮೇಲೆ ದಪ್ಪ ರಬ್ಬರ್ ಮ್ಯಾಟು. ಉಚ್ಚೆ ಮ್ಯಾಟಿನ ಕೆಳಗೆ ಇಳಿದು ಹಲಗೆಯನ್ನು ತಿನ್ನುತ್ತದೆ, ಮೇಲಿನಿಂದ ಏನೂ ಕಾಣುವುದಿಲ್ಲ. ಪ್ರತಿ ಟ್ರಿಪ್ಪಿಗೂ ಮುಂಚೆ ಮ್ಯಾಟೆತ್ತಿ ಸುತ್ತಿಗೆಯ ಹಿಡಿಯಿಂದ ಒಂದೊಂದು ಹಲಗೆಯನ್ನೂ ತಟ್ಟಬೇಕು. ಗಟ್ಟಿಯದು ಠಣ್ಣೆನ್ನುತ್ತದೆ, ಕೊಳೆತದ್ದು ಬೊದ್ದೆನ್ನುತ್ತದೆ. ಬೇರೆಲ್ಲ ವಿಷಯಕ್ಕೂ ಕೂಗುತ್ತಿದ್ದ ಮಾವ ಇದನ್ನು ಹೇಳುವಾಗ ಮಾತ್ರ ದನಿ ತಗ್ಗಿಸುತ್ತಿದ್ದರು. ಅದು ಅವಳಿಗೆ ಆಗಲೇ ವಿಚಿತ್ರವೆನಿಸಿತ್ತು.

ಒಂದು ಬೆಳಿಗ್ಗೆ ಅವಳು ಒಬ್ಬಳೇ ಮ್ಯಾಟುಗಳನ್ನು ಎಳೆದು ತೊಳೆಯುತ್ತಿದ್ದಳು. ಐದು ಖಾನೆಗಳಲ್ಲಿ ಹಲಗೆ ಕಪ್ಪಾಗಿ, ಸವೆದು, ಒಂದೇ ಮರದ್ದೆಂದು ನೋಡಿದೊಡನೆ ತಿಳಿಯುತ್ತಿತ್ತು. ಮೂರನೆಯದರಲ್ಲಿ ಮಾತ್ರ ನಾಲ್ಕು ಹಲಗೆ ಬೇರೆ. ಬಣ್ಣ ಬೇರೆ, ಬೋಲ್ಟು ಬೇರೆ. ಅವಳು ಪೈಪಿನ ನೀರು ಹರಿಯುತ್ತಿರುವಂತೆಯೇ ಅದನ್ನು ನೋಡುತ್ತ ನಿಂತಳು. ಆಮೇಲೆ ನೀರು ನಿಲ್ಲಿಸಿ ಅಡುಗೆಮನೆಗೆ ಹೋದಳು.

ಅತ್ತೆ ಕ್ಯಾರೆಟ್ ಹೆಚ್ಚುತ್ತಿದ್ದರು.

"ಅತ್ತೆ, ಕುದುರೆ ಬಿದ್ದು ಕಾಲು ಮುರೀತು ಅಂತೀರಲ್ಲ. ಬಿದ್ರೆ ಹಲಗೆ ಯಾಕೆ ಬದಲಾಯಿಸ್ಬೇಕು?"

ಚಾಕು ನಿಂತಿತು. ಅತ್ತೆ ಹೆಚ್ಚಿದ ಚೂರುಗಳನ್ನು ಕೈಯಲ್ಲಿ ಒಂದು ಕಡೆಗೆ ಒತ್ತಿ ಸರಿಸಿದರು, ಮತ್ತೆ ಹರಡಿದರು. ನಿನ್ನ ಮಾವನನ್ನೇ ಕೇಳು ಎಂದರು. ಕೇಳಿದರೆ ಹೇಳುತ್ತಾರಾ ಎಂದಳು ಸೊಸೆ. ಅತ್ತೆ ಬಾಗಿಲ ಕಡೆ ನೋಡಿದರು. ಶೆಡ್ಡಿನಲ್ಲಿ ಸುತ್ತಿಗೆ ಸದ್ದು ಮಾಡುತ್ತಿತ್ತು.

"ಅದು ಬಿದ್ದಿದ್ದಲ್ಲ" ಎಂದರು ಕಡೆಗೆ. "ಕಾಲು ಹಲಗೆ ಒಡಕೊಂಡು ಕೆಳಗೆ ಹೋಗಿತ್ತು. ಬಡಗಿ ಎರಡು ತಿಂಗಳು ಮುಂಚೇನೇ ಹೇಳಿದ್ದ, ಇದು ಕೊಳೆತಿದೆ ಅಂತ. ಸೀಸನ್ ಮುಗೀಲಿ ಅಂದ್ರು ಇವರು. ಮಗ ಡಾಕ್ಟರನ್ನ ಕರೆಯೋಕೆ ಓಡಿದ್ದ. ಅವನು ಬರೋಷ್ಟರಲ್ಲಿ ಕುದುರೇನ ಹೊರಗೆಳೆದು ಬಾಗಿಲು ಹಾಕಿದ್ರು."

"ಅವನು ನೋಡ್ಲೇ ಇಲ್ವಾ?"

"ಆ ಹಲಗೆಗಳನ್ನ ನಾನೇ ಕಡಿದು ನೀರೊಲೆಗೆ ಹಾಕ್ದೆ. ಅವನು ಆ ನೀರಲ್ಲೇ ಸ್ನಾನ ಮಾಡಿ ಬಂದು, ನನ್ನ ಕೈಯಿಂದ ಒಂದು ಜೀವ ಹೋಯ್ತಮ್ಮ ಅಂತ ಇಲ್ಲಿ ಕೂತು ಅತ್ತ." ಅತ್ತೆ ತೋರಿಸಿದ ಕಡೆ ಒಂದು ಮರದ ಸ್ಟೂಲಿತ್ತು. "ಅವತ್ತು ಹೇಳ್ಬೇಕಿತ್ತು. ಹೇಳ್ಲಿಲ್ಲ. ಆಮೇಲೆ ದಿನ ಕಳೆದ ಹಾಗೆ ಬಾಯಿ ಬರ್ಲಿಲ್ಲ."

ಸೊಸೆಗೆ ಸಿಟ್ಟು ಬರುವುದಕ್ಕೂ ಮುಂಚೆ ನೆನಪಾದದ್ದು ಬೇರೆ. ಅವಳು ಈ ಮನೆಗೆ ಬಂದಾಗಿನಿಂದಲೂ ಅವಳ ಗಂಡ ತಿಂಗಳಿಗೊಂದು ಭಾನುವಾರ ಸವಾರಿ ಶಾಲೆಗೆ ಹೋಗಿ ಅಲ್ಲಿನ ಕುದುರೆಗಳಿಗೆ ಪುಕ್ಕಟೆಯಾಗಿ ಲಾಳ ಹೊಡೆದು ಬರುತ್ತಿದ್ದ. ಮದುವೆಯ ಮೊದಲ ವರ್ಷ ಅವಳು ಅದಕ್ಕೆ ಜಗಳವಾಡಿದ್ದಳು. ಅದು ನನ್ನ ಬಾಕಿ ಎಂದಷ್ಟೇ ಅವನು ಹೇಳಿದ್ದ.

ಅಂದು ಮಧ್ಯಾಹ್ನ ಬಯಲಿಗೆ ಹೋದಾಗ ಅವಳು ಎಂಜಿನ್ ಆರಿಸಿ ಕೆಳಗಿಳಿದಳು. ಮಾವನಿಗೆ ಎದುರಾಗಿ, ಅವರ ಒಳ್ಳೆಯ ಕಣ್ಣಿನ ಕಡೆಗೇ ನಿಂತು ಕೇಳಿದಳು. ಅವರು ಮೊದಲು ರೇಗಿದರು. ನಿನ್ನೆ ಮೊನ್ನೆ ಬಂದವಳಿಗೆ ಇದೆಲ್ಲ ಯಾಕೆ ಎಂದರು. ಅತ್ತೆಯ ಬಾಯಿಗೆ ಬೀಗವಿಲ್ಲ ಎಂದರು. ಅವಳು ಜಾಗ ಬಿಟ್ಟು ಕದಲದಿದ್ದಾಗ ಹೋಗಿ ಅಪ್ಪಚ್ಚಿಯಾದ ಡ್ರಮ್ಮಿನ ಮೇಲೆ ಕೂತರು.

"ಅವನಿಗಾಗ ಇಪ್ಪತ್ತೆರಡು ವರ್ಷ" ಎಂದರು. "ಚಿಕ್ಕವನು ತಪ್ಪು ಮಾಡಿದ ಅಂದ್ರೆ ಜನ ಕ್ಷಮಿಸ್ತಾರೆ. ನಾನು ಕೊಳೆತ ಹಲಗೆ ಮೇಲೆ ಕುದುರೆ ನಿಲ್ಲಿಸ್ದೆ ಅಂತ ಗೊತ್ತಾದ್ರೆ ನಾಳೆಯಿಂದ ಯಾರು ನನ್ನ ಬಾಗಿಲಿಗೆ ಬರ್ತಿದ್ರು? ಮನೆ ಉಳೀತು."

"ಮನೆ ಉಳೀತು. ಅವನು?"

ಮಾವ ಕೋಲೂರಿ ಏಳಲು ಹೋದರು.

"ನನ್ನ ಲೈಸೆನ್ಸ್ ಪರೀಕ್ಷೆ ದಿನದೊಳಗೆ ನೀವೇ ಅವನಿಗೆ ಹೇಳಿ" ಎಂದಳು ಸೊಸೆ. "ನಾನು ಹೇಳಲ್ಲ, ಅದು ನನ್ನ ಮಾತಲ್ಲ. ಆದ್ರೆ ನೀವು ಹೇಳದೆ ಇದ್ರೆ ಆಮೇಲೆ ನಾನು ಈ ಸ್ಟೀರಿಂಗ್ ಮುಟ್ಟಲ್ಲ. ಟ್ರೈಲರ್ ಅಂಗಳದಲ್ಲೇ ತುಕ್ಕು ಹಿಡೀಲಿ."

ಅಲ್ಲಿಂದ ಹನ್ನೆರಡು ದಿನ ಆ ಮನೆಯಲ್ಲಿ ಊಟವೆಂದರೆ ತಟ್ಟೆಯ ಸದ್ದು ಮಾತ್ರ. ಮಾವ ಏನೋ ಹೇಳಲು ಬಾಯಿ ತೆರೆಯುವುದು, ಉಪ್ಪು ಕೇಳಿ ಸುಮ್ಮನಾಗುವುದು. ಅತ್ತೆ ಎದ್ದು ಉಪ್ಪು ತರುವ ನೆಪದಲ್ಲಿ ಅಡುಗೆಮನೆಯಲ್ಲೇ ನಿಂತುಬಿಡುವುದು. ಗಂಡನಿಗೆ ಏನೂ ತಿಳಿಯದು. ಟ್ರೈಲರಿನ ಯೋಚನೆಯಿಂದ ಎಲ್ಲರೂ ಹೀಗಾಗಿದ್ದಾರೆಂದು ತಿಳಿದು, ಒಂದು ದಿನ ತಾನಾಗಿಯೇ ಬಂದು, ರೋಡಿನ ಮೇಲೆ ಓಡಿಸಬೇಕಾದರೆ ಲೈಸೆನ್ಸಿದ್ದವರು ಪಕ್ಕದಲ್ಲಿರಬೇಕಲ್ಲ, ನಾನು ಕೂರುತ್ತೇನೆ ಎಂದ. ಹೇಳುವಾಗ ಅವನ ಕೈ ಪ್ಯಾಂಟಿನ ಜೇಬಿನೊಳಗೆ ಮುಷ್ಟಿ ಕಟ್ಟಿತ್ತು. ಸೊಸೆಗೆ ಬಾಯಿಯವರೆಗೆ ಬಂದ ಮಾತನ್ನು ನುಂಗುವುದು ಹಿಂದಕ್ಕೆ ಓಡಿಸುವುದಕ್ಕಿಂತ ಕಷ್ಟವಾಯಿತು.

ಪರೀಕ್ಷೆಗೆ ನಾಲ್ಕು ದಿನವಿರುವಾಗ ಅವರು ರೋಡಿಗೆ ಇಳಿದರು. ಪಕ್ಕದಲ್ಲಿ ಗಂಡ, ಹಿಂದಿನ ಸೀಟಿನಲ್ಲಿ ಮಾವ, ಟ್ರೈಲರಿನಲ್ಲಿ ಮನೆಯ ಮುದಿ ಕುದುರೆ. ಅದಕ್ಕೆ 'ಸೋಮಾರಿ' ಎಂದೇ ಹೆಸರು. ನಿಂತಲ್ಲೇ ನಿದ್ದೆ ಹೋಗುವ ಪ್ರಾಣಿ. ಮಾವ ಅದನ್ನು ಮೂರನೇ ಖಾನೆಯಲ್ಲೇ ಕಟ್ಟಿಸಿದ್ದರು. ಅವರು ಬೇಕೆಂದೇ ಹಾಗೆ ಮಾಡಿಸಿದರೋ ಇಲ್ಲವೋ ಸೊಸೆಗೆ ಗೊತ್ತಾಗಲಿಲ್ಲ.

ಕಾಲುವೆಯ ಏರಿಯ ಮೇಲೆ ಅರ್ಧ ದಾರಿ ಹೋದಾಗ ಮುಂದೆ ಹುಲ್ಲಿನ ಲಾರಿಯೊಂದು ಮಗುಚಿ ಬಿದ್ದಿತ್ತು. ಹುಲ್ಲಿನ ಪಿಂಡಿಗಳು ದಾರಿ ತುಂಬ. ಎತ್ತಿ ಮುಗಿಸಲು ಸಂಜೆಯಾಗುತ್ತದೆಂದು ಲಾರಿಯವನು ಕೈಯಾಡಿಸಿದ. ಎಡಕ್ಕೆ ಕಾಲುವೆಯ ನೀರು, ಬಲಕ್ಕೆ ಎರಡಾಳೆತ್ತರದ ಇಳಿಜಾರು. ತಿರುಗಿಸಲು ಜಾಗವಿಲ್ಲ. ಮುನ್ನೂರು ಮೀಟರು ಹಿಂದಕ್ಕೆ ಹೋಗಿ ಕೂಡುರಸ್ತೆ ಸೇರಬೇಕು.

ಅವಳು ಸ್ಟೀರಿಂಗಿನ ಕೆಳತುದಿ ಹಿಡಿದಳು. ನೂರು ಮೀಟರು ನೆಟ್ಟಗೆ ಬಂತು. ಇನ್ನೂ ಐವತ್ತು ಬಂತು. ಅಲ್ಲಿ ಏರಿ ಸ್ವಲ್ಪ ಬಾಗಿತ್ತು. ಕೈ ಒಂದು ಬೆರಳು ಹೆಚ್ಚಾಯಿತು. ಕನ್ನಡಿಯಲ್ಲಿ ಟ್ರೈಲರಿನ ಹಿಂಚಕ್ರ ಮಣ್ಣಿನ ಅಂಚಿಗೆ ಹೋಗಿ ಕಲ್ಲೊಂದು ನೀರಿಗೆ ಉರುಳಿದ್ದು ಕಂಡಿತು. ಅವಳ ಕಾಲು ತಾನಾಗಿಯೇ ಬ್ರೇಕನ್ನು ತುಳಿದುಬಿಟ್ಟಿತು. ಹಿಂದಿನಿಂದ ದಡಾರೆಂದು ಸದ್ದು ಬಂತು. ಟ್ರಕ್ಕೇ ನಡುಗಿತು.

ಗಂಡ ಬಾಗಿಲು ತೆಗೆದು ಹಾರಿ ಓಡಿದ. ಅವಳೂ ಹ್ಯಾಂಡ್‌ಬ್ರೇಕ್ ಎಳೆದು ಓಡಿದಳು. ಅವನು ಟ್ರೈಲರಿನ ಪಕ್ಕದ ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟು ಹಾಗೇ ನಿಂತಿದ್ದ.

"ಬಿದ್ದಿದೆ" ಎಂದ. "ಮತ್ತೆ ಬಿದ್ದಿದೆ. ನಾನು ಇರ್ಬಾರ್ದಿತ್ತು ಇದ್ರಲ್ಲಿ. ನಾನು ಕೂತ್ರೆ ಹೀಗೇ ಆಗೋದು."

ಅವಳು ಅವನ ಕೈ ಸರಿಸಿ ಚಿಲಕ ತೆಗೆದಳು. ಸೋಮಾರಿ ನಾಲ್ಕೂ ಕಾಲಿನ ಮೇಲೆ ನಿಂತಿತ್ತು. ಒಂದು ಒದೆ ಕೊಟ್ಟು ಪಕ್ಕದ ತಡೆಬಾಗಿಲನ್ನು ಕಳಚಿ ಬೀಳಿಸಿ, ಇದೇನು ಗಲಾಟೆ ಎಂಬಂತೆ ಅವರ ಕಡೆ ನೋಡುತ್ತಿತ್ತು. ಗಂಡ ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿ ಕೂತ.

ಮಾವ ಟ್ರೈಲರಿನ ಮೈ ಹಿಡಿದುಕೊಂಡು, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಅಲ್ಲಿಗೆ ಬಂದರು.

"ಅವತ್ತು ಆ ಕುದುರೆ ಸತ್ತಿದ್ದು ನಿನ್ನ ಬ್ರೇಕಿಂದ ಅಲ್ಲ" ಎಂದರು.

ಮಗ ತಲೆಯೆತ್ತಿದ.

"ಹಲಗೆ ಕೊಳೆತಿತ್ತು. ಕಾಲು ಒಳಗೆ ಹೋಗಿತ್ತು. ನನಗೆ ಮುಂಚೇನೇ ಗೊತ್ತಿತ್ತು, ಬಡಗಿ ಹೇಳಿದ್ದ. ನೀನು ಬ್ರೇಕ್ ಹಾಕದೆ ಇದ್ರೂ ಅವತ್ತಲ್ಲ ನಾಳೆ ಹೋಗ್ತಿತ್ತು. ನಿನ್ನ ಮೇಲೆ ಹಾಕ್ದೆ."

ಗಂಡ ತಂದೆಯ ಮುಖವನ್ನು, ಬೇರೆ ಯಾರದೋ ಮುಖವೆಂಬಂತೆ ನೋಡಿದ.

"ಅಮ್ಮಂಗೆ ಗೊತ್ತಿತ್ತಾ?"

ಮಾವ ಮುಖವನ್ನು ಕಾಲುವೆಯ ಕಡೆ ತಿರುಗಿಸಿದರು. ಅವನು ಹೆಂಡತಿಯ ಕಡೆ ತಿರುಗಿದ. "ನಿನಗೆ?"

"ಹನ್ನೆರಡು ದಿನದಿಂದ" ಎಂದಳು ಅವಳು. ಅದಕ್ಕಿಂತ ಕಡಿಮೆ ಹೇಳಲು ಅವಳಿಗೆ ಸಾಧ್ಯವಾಗಲಿಲ್ಲ.

ಅವನು ಎದ್ದು ಒಳಗೆ ಹೋಗಿ ತಡೆಬಾಗಿಲನ್ನು ಮತ್ತೆ ಸಿಕ್ಕಿಸಿದ. ಸೋಮಾರಿಯ ನಾಲ್ಕು ಕಾಲನ್ನೂ ಒಂದೊಂದಾಗಿ ಸವರಿ ನೋಡಿದ. ಆಮೇಲೆ ಟ್ರೈಲರಿನ ಹಿಂದೆ, ಅವಳ ಕನ್ನಡಿಗೆ ಕಾಣುವಂತೆ ದೂರದಲ್ಲಿ ಹೋಗಿ ನಿಂತು ಕೈಯೆತ್ತಿದ. ಬಾ ಎಂದು ಕೈ ಮಾಡಿದಾಗ ಅವಳು ಬಂದಳು, ಸಾಕು ಎಂದಾಗ ನಿಂತಳು. ಉಳಿದ ನೂರೈವತ್ತು ಮೀಟರನ್ನು ಇಬ್ಬರೂ ಹಾಗೇ ಮುಗಿಸಿದರು. ಕೂಡುರಸ್ತೆಯಲ್ಲಿ ಅವನು ಬಿಟ್ಟು ನಡೆದುಹೋಗುತ್ತಾನೆಂದು ಅವಳು ಅಂದುಕೊಂಡಳು. ಅವನೂ ಹಾಗೆ ಎರಡು ಹೆಜ್ಜೆ ಹಾಕಿದ. ಆದರೆ ಆ ಮೂವರಲ್ಲಿ ಭಾರಿ ವಾಹನದ ಲೈಸೆನ್ಸ್ ಇದ್ದದ್ದು ಅವನೊಬ್ಬನಿಗೆ. ಹಿಂತಿರುಗಿ ಬಂದು, ಬಾಗಿಲು ತೆಗೆದು, ಪಕ್ಕದಲ್ಲಿ ಕೂತ. ಮನೆ ಮುಟ್ಟುವವರೆಗೆ ಮುಂದಿನ ಗಾಜನ್ನು ಬಿಟ್ಟು ಬೇರೆಡೆ ನೋಡಲಿಲ್ಲ.

ಅಂದಿನಿಂದ ಅವನು ಶೆಡ್ಡಿನಲ್ಲೇ ಹಾಸಿಗೆ ಹಾಸಿಕೊಂಡ. ಅತ್ತೆ ತಟ್ಟೆ ಒಯ್ದರೆ ಇಟ್ಟು ಹೋಗು ಎನ್ನುತ್ತಿದ್ದ. ಒಂದು ದಿನ ಅತ್ತೆ ಇಟ್ಟು ಹೋಗದೆ ಅಲ್ಲೇ ನಿಂತರು.

"ನಾಲ್ಕು ಮಾತು ಬೈದುಬಿಡು ನನಗೆ" ಎಂದರು.

"ಬೈಯೋಕೆ ಏನಿದೆ? ನೀನು ನನ್ನ ಅಮ್ಮ ಅಂತ ಬಂದು ನಿನ್ನ ಹತ್ರ ಅತ್ಕೊಂಡೆ. ನೀನು ತಲೆ ಸವರಿದೆ. ಆ ಕೈ ಬಗ್ಗೆ ಯೋಚಿಸ್ತಾ ಇದೀನಿ, ಅಷ್ಟೇ."

ಅತ್ತೆ ವಾಪಸು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತವರು ಒಲೆಯ ಮೇಲಿನ ಹಾಲು ಉಕ್ಕಿ ಆರಿದರೂ ಏಳಲಿಲ್ಲ.

ಹೆಂಡತಿಯ ಜೊತೆ ಮಾತ್ರ ಅವನು ದಿನಾ ಸಂಜೆ ಐದಕ್ಕೆ ಸರಿಯಾಗಿ ಬಂದು ಟ್ರಕ್ಕಿನಲ್ಲಿ ಕೂರುತ್ತಿದ್ದ. ಹೊರಕ್ಕೆ ತಗೋ, ಬ್ರೇಕ್ ಮುಂಚೇನೇ, ಅವಸರ ಬೇಡ. ಅಷ್ಟೇ ಮಾತು. ಆದರೂ ಅವಳಿಗೆ ಗೊತ್ತಾಯಿತು, ಇವನು ಒಳ್ಳೆಯ ಡ್ರೈವರಾಗಿದ್ದ. ಮೊದಲ ಪರೀಕ್ಷೆಯಲ್ಲಿ ಅವಳು ಕೊನೆಯ ಕಂಬಕ್ಕೆ ತಾಗಿಸಿ ಸೋತಳು. ಎಂಟು ದಿನದ ಮೇಲೆ ಮತ್ತೆ ಹೋಗಿ ಗೆದ್ದಳು. ಗೆದ್ದ ದಿನ ಮನೆಯಲ್ಲಿ ಯಾರೂ ಸಿಹಿ ತರಲಿಲ್ಲ. ಗಂಡ ಅವಳ ಬೆರಳುಗಳನ್ನು ಒಂದು ಕ್ಷಣ ಹಿಡಿದು ಬಿಟ್ಟ. ಅಂದು ರಾತ್ರಿ ಹಾಸಿಗೆಯನ್ನು ಮನೆಯೊಳಗೆ ತಂದ, ಊಟದ ಮೇಜಿಗೆ ಮಾತ್ರ ಬರಲಿಲ್ಲ.

ಸವಾರಿ ಶಾಲೆಯ ಯಜಮಾನಿ ಫೋನು ಮಾಡಿ, ಡ್ರೈವರ್ ಯಾರೆಂದು ಕೇಳಿದಳು. ಫೋನೆತ್ತಿಕೊಂಡಿದ್ದ ಮಾವ ಸೊಸೆ ಎಂದರು. ನಿಮ್ಮ ಹತ್ತಿರ ಇನ್ನೊಂದು ಮಾತಿದೆ, ಎಂದು ಶುರುಮಾಡಿದರು. ಬಾಗಿಲಲ್ಲಿ ಬೂಟು ಕಳಚುತ್ತಿದ್ದ ಮಗ ಮೂರು ವಾರದಲ್ಲಿ ಮೊದಲ ಸಲ ತಂದೆಯೊಡನೆ ಮಾತಾಡಿದ.

"ಫೋನಲ್ಲಿ ಬೇಡ. ಎದುರಿಗೆ ನಿಂತು ಹೇಳಿ."

ಸಾಗಿಸುವ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವರು ಶಾಲೆಯ ಮುಂದೆ ಬಂದು ನಿಂತರು. ಗೇಟಿನಿಂದ ಲಾಯದ ಅಂಗಳದವರೆಗೆ ಎರಡು ಕಲ್ಲುಗೋಡೆಗಳ ನಡುವಿನ ಓಣಿ, ಅರವತ್ತು ಮೀಟರು, ಹಿಂದಕ್ಕೇ ಹೋಗಬೇಕು. ಮಾವ ಇಳಿದರು. ಬಿಳಿಗೂದಲ ಯಜಮಾನಿ ಗೇಟಿನ ಹತ್ತಿರವೇ ಇದ್ದಳು, ಕೈಯಲ್ಲಿ ಕುದುರೆ ಕಟ್ಟುವ ಹಗ್ಗಗಳು. ಸೊಸೆ ಕಿಟಕಿಯ ಗಾಜು ಇಳಿಸಿದಳು. ಎಂಜಿನ್ ಆರಿಸಿದಳು.

ಮಾವ ಉದ್ದ ಮಾಡಲಿಲ್ಲ. ಹಲಗೆ, ಬಡಗಿ, ಎರಡು ತಿಂಗಳು, ಮುಚ್ಚಿದ ಬಾಗಿಲು, ಎಲ್ಲವನ್ನೂ ಒಂದಾದ ಮೇಲೊಂದು ಇಟ್ಟರು. ನನ್ನ ತಪ್ಪು, ಮಗನದಲ್ಲ ಎಂದರು. ಹೇಳುವಾಗ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡಿದ್ದರು. ಯಜಮಾನಿ ಕೇಳಿಸಿಕೊಂಡಳು. ಅವರನ್ನು ದಾಟಿ, ಟ್ರಕ್ಕಿನ ಇನ್ನೊಂದು ಬದಿಗೆ, ಗಂಡನ ಕಿಟಕಿಯ ಬಳಿಗೆ ಬಂದಳು.

"ನಿನಗೆ ಯಾವಾಗ ಗೊತ್ತಾಯ್ತು?"

"ಹೋದ ತಿಂಗಳು."

ಆಕೆ ಕಿಟಕಿಯ ಅಂಚನ್ನು ಹಿಡಿದುಕೊಂಡಳು. "ಒಂಬತ್ತು ವರ್ಷ ನನ್ನ ಕುದುರೆಗಳಿಗೆ ಲಾಳ ಹೊಡೆದೆ. ನಾನೂ ಹೊಡೆಸ್ಕೊಂಡೆ. ಒಂದು ಲೋಟ ನೀರು ಬೇಕಾ ಅಂತ ಕೇಳ್ಲಿಲ್ಲ ನಾನು, ನೀನು ಕೆಲಸ ಮಾಡ್ತಿದ್ದಾಗ ಕಿಟಕಿ ಹಾಕ್ಕೊಂಡು ಒಳಗಿರ್ತಿದ್ದೆ." ಆಕೆ ಟ್ರಕ್ಕಿನ ಬಾಗಿಲಿನ ಹಿಡಿ ಎಳೆದಳು. "ಇಳಿ. ಒಳಗೆ ಬಾ."

ಗಂಡ ಹೆಂಡತಿಯ ಕಡೆ ನೋಡಿದ. ಹೋಗು, ಇದನ್ನ ನಾನು ನೋಡ್ಕೋತೀನಿ ಎಂದಳು ಅವಳು. ಅವನು ಇಳಿದ. ಇಬ್ಬರೂ ಓಣಿಯಲ್ಲಿ ನಡೆದು ಹೋಗುವುದು ಅವಳಿಗೆ ಕನ್ನಡಿಯಲ್ಲಿ ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಯಜಮಾನಿ ಏನೋ ನೆನಪಾದವಳಂತೆ ತಿರುಗಿ ಕೂಗಿದಳು: ಕುದುರೆ ಹತ್ತಿಸುವ ಮೊದಲು ಆರೂ ಮ್ಯಾಟು ಎತ್ತಿ ತನಗೆ ನೆಲ ತೋರಿಸಬೇಕು.

"ತೋರಿಸ್ತೀನಿ" ಎಂದಳು ಸೊಸೆ.

ಮಾವ ಗೇಟಿನ ಹತ್ತಿರ ಉಳಿದುಬಿಟ್ಟರು. ಅವರನ್ನು ಯಾರೂ ಒಳಗೆ ಕರೆದಿರಲಿಲ್ಲ, ಹೋಗೆಂದೂ ಅಂದಿರಲಿಲ್ಲ. ಅವಳು ಎಂಜಿನ್ ಶುರುಮಾಡಿದಾಗ ಅವರ ಬಲಗೈ ಅಭ್ಯಾಸದಿಂದ ಮೇಲೆದ್ದಿತು. ಯಾರಿಗೆ, ಯಾವ ಕಣ್ಣಿನಿಂದ ದಾರಿ ತೋರಿಸುವುದೆಂದು ತೋಚದೆ ಗಾಳಿಯಲ್ಲಿ ನಿಂತಿತು.

"ಮಾವ, ಗೋಡೆ ಹತ್ರ ನಿಲ್ಬೇಡಿ" ಎಂದಳು ಅವಳು. "ಹತ್ತಿ ಕೂತ್ಕೊಳ್ಳಿ."

ಅವರು ತಡಕಾಡಿ ಮೆಟ್ಟಿಲು ಹುಡುಕಿ ಹತ್ತಿ, ಮಗ ಕೂತಿದ್ದ ಜಾಗದಲ್ಲಿ ಕೂತರು. ಅವಳು ಎರಡೂ ಕನ್ನಡಿ ನೋಡಿದಳು. ಟ್ರೈಲರಿನ ಬಾಲ ಗೇಟಿನೊಳಗೆ ಹೋಯಿತು, ಗೋಡೆಗಳ ನಡುವೆ ಹೋಯಿತು, ಎರಡೂ ಕಡೆ ಒಂದೊಂದು ಗೇಣು ಜಾಗ ಉಳಿಸಿಕೊಂಡು ಹಿಂದಕ್ಕೆ, ಇನ್ನೂ ಹಿಂದಕ್ಕೆ. ಮಾವ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಎದುರಿಗೆ ನೋಡುತ್ತ ಕೂತಿದ್ದರು. ಎಡಕ್ಕೆ ಅನ್ನಲಿಲ್ಲ, ಬಲಕ್ಕೆ ಅನ್ನಲಿಲ್ಲ. ಅಂಗಳ ತಲುಪಿ ಅವಳು ಹ್ಯಾಂಡ್‌ಬ್ರೇಕ್ ಎಳೆದಾಗ ಲಾಯದಿಂದ ಒಂದು ಕುದುರೆ ಕೆನೆಯಿತು. ಅವಳು ಸುತ್ತಿಗೆ ತೆಗೆದುಕೊಂಡು ನೆಲ ತಟ್ಟಲು ಇಳಿದಳು.